ನ್ಯೂಯಾರ್ಕಿನ ಅಪಾರ್ಟ್‌ಮೆಂಟ್ ಪ್ಲಾನು: ಮೊದಲು ಕಿಟಕಿ ಎಣಿಸಿ

ಬೆಂಗಳೂರಿನ 30×40 ಸೈಟುಗಳಿಗೆ ಪ್ಲಾನು ಹಾಕಿ ಬಂದವರಿಗೆ ಬಚ್ಚಲನ್ನು ಹೊರಗೋಡೆಗೆ ಹಚ್ಚಿ ವೆಂಟಿಲೇಟರ್ ಇಡುವುದು ಕೈಗೆ ಕೂತ ಅಭ್ಯಾಸ. ನ್ಯೂಯಾರ್ಕಿಗೆ ಬಂದ ಮೇಲೆ ಮೊದಲು ಬಿಡಬೇಕಾದ್ದು ಅದನ್ನೇ. ಇಲ್ಲಿ ಹಳೆಯ ಸೈಟುಗಳು ಹೆಚ್ಚಾಗಿ 25×100 ಅಡಿ, ಅಕ್ಕಪಕ್ಕದ ಕಟ್ಟಡಗಳು ಗೋಡೆಗೆ ಗೋಡೆ ತಾಗಿರುತ್ತವೆ. ಬೆಳಕೇನಿದ್ದರೂ ರಸ್ತೆಯಿಂದ, ಇಲ್ಲವೇ ಹಿತ್ತಿಲಿನಿಂದ. 1901ರ ಟೆನೆಮೆಂಟ್ ಹೌಸ್ (ಬಾಡಿಗೆ ವಠಾರ) ಕಾಯ್ದೆ ಬಂದದ್ದು ಕತ್ತಲೆ ಕೋಣೆಗಳ ಕಾಟ ತಡೆಯಲು. ವಾಸದ ಕೋಣೆಗೆ ಕಿಟಕಿ ಇರಲೇಬೇಕೆಂಬ ಪಟ್ಟು ಇಂದಿಗೂ ಸಡಿಲವಾಗಿಲ್ಲ. ಬಚ್ಚಲಿಗೆ ಎಕ್ಸಾಸ್ಟ್ ಡಕ್ಟ್ ಸಾಕು, 80 ಚದರಡಿಗಿಂತ ಚಿಕ್ಕ ಅಡುಗೆ ಜಾಗಕ್ಕೂ ಸಾಕು. ಹಾಗಾಗಿ ಎರಡನ್ನೂ ನಾನು ಕಾರಿಡಾರ್ ಪಕ್ಕಕ್ಕೆ ತಳ್ಳುತ್ತೇನೆ.

ಎರಡು ಸೈಟು ಸೇರಿ 50×100 ಇದೆ, ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) 4 ಎಂದಿಟ್ಟುಕೊಳ್ಳಿ: ಕಟ್ಟಬಹುದಾದ್ದು 20,000 ಚದರಡಿ. ಹಿಂದೆ 30, ಮುಂದೆ 10 ಅಡಿ ಬಿಟ್ಟರೆ ಮಹಡಿಗೆ 3,000 ಚದರಡಿ, ಅಂದರೆ ಆರು ಪೂರ್ತಿ ಮಹಡಿ, ಮೇಲೊಂದು ಚಿಕ್ಕದು. ಆಮೇಲೆ ಮನೆ ಎಣಿಸುವುದಿಲ್ಲ, ಕಿಟಕಿಯ ಕೋಣೆ ಎಣಿಸುತ್ತೇನೆ. ಒಳ ಅಗಲ ಸುಮಾರು 48 ಅಡಿ. ನಡುಗೋಡೆ ಕಳೆದು ಹನ್ನೊಂದೂವರೆ ಅಡಿಯ ನಾಲ್ಕು ಕೋಣೆ ಮುಂದೆ, ನಾಲ್ಕು ಹಿಂದೆ. ಅಲ್ಲಿಗೆ ನಾಲ್ಕು 1 ಬಿಎಚ್‌ಕೆ, ತಲಾ 600 ಚದರಡಿ. ಉಳಿದ 600 ಕಾರಿಡಾರ್, ಲಿಫ್ಟ್, ಎರಡು ಮೆಟ್ಟಿಲು, ಪೈಪು ಹಾಯುವ ಶಾಫ್ಟ್‌ಗಳ ಪಾಲು. ಹೆಚ್ಚು ಹಿಂಡಲು ಹೊರಟ ಬಿಲ್ಡರ್ ಕಿಟಕಿಯಿಲ್ಲದ ಕೋಣೆಗೆ ‘ಹೋಮ್ ಆಫೀಸ್’ ಎಂದು ಹೆಸರಿಡಲು ಹೇಳುತ್ತಾನೆ. ಅಂಥ ಕೋಣೆಗೆ ನಾನು ಬಟ್ಟೆಯ ಕ್ಲಾಸೆಟ್ ಹಾಕುವುದಿಲ್ಲ, ಹಾಕಿದರೆ ಅದು ಬೆಡ್‌ರೂಮೇ. ಒಂದೇ 25 ಅಡಿ ಸೈಟಾದರೆ ಒಂದು ಅನುಕೂಲವಿದೆ: ಬೆಂಕಿಗೆ ಉರಿಯದ ಸಾಮಗ್ರಿಯಲ್ಲಿ ಕಟ್ಟಿ ಸ್ಪ್ರಿಂಕ್ಲರ್ ಹಾಕಿ, ಮಹಡಿ 2,000 ಚದರಡಿ ಮೀರದಿದ್ದರೆ ಆರು ಮಹಡಿಯವರೆಗೆ ಒಂದೇ ಮೆಟ್ಟಿಲು ನಡೆಯುತ್ತದೆ.

ಜಗಳ ಶುರುವಾಗುವುದು ಶಾಫ್ಟ್ ಹತ್ತಿರ. ಬೀಮಿಲ್ಲದ 8 ಇಂಚಿನ ಸ್ಲ್ಯಾಬ್ ನೇರ ಕಾಲಮ್ ಮೇಲೆ ಕೂತಿರುತ್ತದೆ. ಕಾಲಮ್ ಪಕ್ಕದಲ್ಲೇ ತೂತು ಬಿದ್ದರೆ ಪಂಚಿಂಗ್ ಶಿಯರ್ (ಕಾಲಮ್ ಸ್ಲ್ಯಾಬನ್ನು ತೂರಿಕೊಂಡು ಬರುವುದು) ತಡೆಯುವ ಕಾಂಕ್ರೀಟೇ ಕಡಿಮೆಯಾಗುತ್ತದೆ. ಪ್ಲಾನಿನಲ್ಲಿ ಮಾತ್ರ ಕಾಲಮ್ಮೂ ಪೈಪೂ ಒಂದೇ ಮೂಲೆಯಲ್ಲಿ ಅಡಗಲು ನೋಡುತ್ತವೆ. ಕಾಲಮ್‌ಗಳನ್ನು ಕ್ಲಾಸೆಟ್ ಕಡೆಗೂ ಶಾಫ್ಟನ್ನು ಕಮೋಡ್ ಹಿಂದಕ್ಕೂ ಮೊದಲೇ ಬೇರೆ ಮಾಡಿಬಿಡಿ. 4 ಇಂಚಿನ ಎರಕದ ಕಬ್ಬಿಣದ ಪೈಪು 3⅝ ಇಂಚಿನ ಸ್ಟಡ್ (ಬೋರ್ಡ್ ಗೋಡೆಯೊಳಗಿನ ನಿಲುಗಂಬ) ಗೋಡೆಯೊಳಗೆ ಹಿಡಿಯುವುದಿಲ್ಲ, 6 ಇಂಚಿನದೇ ಬೇಕು.

ಇನ್ನು ಅಳತೆ. ಊರಲ್ಲಿ ಇಟ್ಟಿಗೆ ಗೋಡೆಗೆ ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಪ್ಲಾಸ್ಟರ್ ನುಂಗಿಕೊಳ್ಳುತ್ತದೆ. ಇಲ್ಲಿ ವೀಲ್‌ಚೇರ್ ತಿರುಗಲು 60 ಇಂಚು ಬೇಕಾದಲ್ಲಿ 59½ ಇದ್ದರೂ ಗೋಡೆ ಒಡೆಯಬೇಕಾಗುತ್ತದೆ. ಫ್ರೇಮ್ ಕಟ್ಟುವವನು ಸ್ಟಡ್‌ನಿಂದ ಸ್ಟಡ್‌ಗೆ ಅಳೆಯುತ್ತಾನೆ. ಆಮೇಲೆ ಎರಡೂ ಬದಿಗೆ ⅝ ಇಂಚಿನ ಜಿಪ್ಸಂ ಬೋರ್ಡ್ ಬಂದರೆ 1¼ ಇಂಚು ಹೋಯಿತು, ಟೈಲ್ ಬೇರೆ. ಅದಕ್ಕೇ ಇಂಥ ಅಳತೆಗಳ ಪಕ್ಕದಲ್ಲಿ ‘ಫಿನಿಶ್‌ನಿಂದ ಫಿನಿಶ್’ ಎಂದು ಬರೆದು, ಸ್ಟಡ್ ಅಳತೆಯನ್ನು 63 ಇಂಚು ಇಡುತ್ತೇನೆ. 60 ಇಂಚಿನ ಟಬ್ ಮಾತ್ರ ಇದಕ್ಕೆ ಉಲ್ಟಾ: ಅದರ ಅಂಚು ಸ್ಟಡ್‌ಗೇ ತಾಗಬೇಕು, ಬೋರ್ಡ್ ಮೇಲಿಂದ ಇಳಿಯುತ್ತದೆ.

ತಾರಸಿಯನ್ನು ಕೊನೆಗೆ ನೋಡಿಕೊಳ್ಳೋಣ ಎನ್ನುವ ಹಾಗಿಲ್ಲ. 2021ರ ಲೋಕಲ್ ಲಾ 154 ಎಂಬ ನಗರದ ಕಾಯ್ದೆ ಬಂದ ಮೇಲೆ ಹೊಸ ಕಟ್ಟಡಗಳಲ್ಲಿ ಹಂತಹಂತವಾಗಿ ಗ್ಯಾಸ್ ಬಾಯ್ಲರ್ ಬದಲು ಕರೆಂಟಿನ ಹೀಟ್ ಪಂಪ್. ಅದರ ಹೊರಗಿನ ಯೂನಿಟ್‌ಗಳು, ಸೋಲಾರ್, ಅಗ್ನಿಶಾಮಕರು ಓಡಾಡಲು 6 ಅಡಿ ಅಗಲದ ದಾರಿ, ಎಲ್ಲವೂ ಒಂದೇ ತಾರಸಿಗೆ. ಮೊದಲು ಗೆರೆ ಹಾಕುವುದು ಆ ದಾರಿಗೆ, ಮಿಕ್ಕದ್ದರಲ್ಲಿ ಉಳಿದವು.

ಲೈಸೆನ್ಸ್ ಕಥೆ ಚಿಕ್ಕದು. ನಮ್ಮ ಬಿ.ಆರ್ಕ್‌ಗೆ ಇಲ್ಲಿನ ಮಾನ್ಯತೆ ಇಲ್ಲ, ಪದವಿಯನ್ನು ಮೌಲ್ಯಮಾಪನಕ್ಕೆ ಕಳಿಸಬೇಕು. ಎಎಕ್ಸ್‌ಪಿ ಎಂಬ ಅನುಭವ ಕಾರ್ಯಕ್ರಮದಲ್ಲಿ 3,740 ಗಂಟೆ ಕೆಲಸ, ಅದರಲ್ಲಿ 1,860 ಇಲ್ಲಿನ ಲೈಸೆನ್ಸ್ ಇರುವ ಆರ್ಕಿಟೆಕ್ಟ್ ಕೈಕೆಳಗೆ, ಆರು ಪರೀಕ್ಷೆ. ಗಂಟೆಗಳನ್ನು ಎಂಟು ತಿಂಗಳೊಳಗೆ ದಾಖಲಿಸಿ, ತಡವಾದರೆ ಅರ್ಧಕ್ಕೆ ಮಾತ್ರ ಲೆಕ್ಕ.