ಎಂಟು ಫೇಸ್, ಇಪ್ಪತ್ತೆರಡು ಎಡ್ಜ್: ತೊಟ್ಟಿ ಮನೆಯ ಮಾಡು ಸ್ಕೆಚ್‌ಅಪ್‌ನಲ್ಲಿ ಕೂತ ಬಗೆ

"ಮಾಡೆಲ್ ಏನಿದ್ರೂ ಓನರ್‌ಗೆ ತೋರ್ಸೋಕೆ. ಪೈಪ್ ಕತ್ತರಿಸೋದು ಸೈಟಲ್ಲಿ ದಾರ ಕಟ್ಟಿದ ಮೇಲೇನೇ." ಪೈಪ್ ಕತ್ತರಿಸಿ ವೆಲ್ಡ್ ಮಾಡುವ ಫ್ಯಾಬ್ರಿಕೇಟರ್ ಹೀಗೆ ಅಂದರೆ ಬೇಜಾರಿಲ್ಲ, 3ಡಿ ಮಾಡೆಲ್ ಎಳೆಯುವ ಸಾಫ್ಟ್‌ವೇರ್ ಸ್ಕೆಚ್‌ಅಪ್ ಅನ್ನು ದಿನಾ ಬಳಸುವವರೂ ಅದನ್ನೇ ಅಂದಿದ್ದರು. ಈ ಸಲ ಹಿಪ್ (ಎರಡು ಇಳಿಜಾರು ಹೊರಕ್ಕೆ ಕೂಡುವ ಓರೆ ಏಣು), ವ್ಯಾಲಿ (ಒಳಕ್ಕೆ ಕೂಡುವ ಓರೆ ತಗ್ಗು), ಪಕ್ಕಾಸು (ಸೂರಿನಿಂದ ಮೇಲೇರುವ ಪೈಪ್) ಎಲ್ಲವನ್ನೂ ಮಾಡೆಲ್‌ನ ಅಳತೆಗೇ ನೆಲದ ಮೇಲೆ ಕತ್ತರಿಸಿ ಮೇಲೇರಿಸಿದ್ದಾಯಿತು. ಅತಿ ಹೆಚ್ಚು ವ್ಯತ್ಯಾಸ ಬಂದದ್ದು ಕಾಲಿಂಚು, ಅದೂ ವೆಲ್ಡಿಂಗ್‌ನಲ್ಲಿ ಮುಚ್ಚಿಹೋಯಿತು.

ಮನೆ ಮಲೆನಾಡಿನದು, ನಾಲ್ಕೂ ಕಡೆ ಅಂಕಣ, ನಡುವೆ 14 ಅಡಿಗೆ 14 ಅಡಿಯ ತೊಟ್ಟಿ (ತೆರೆದ ಅಂಗಳ). ಮುಂದಿನ ಅಂಕಣ 16 ಅಡಿ ಅಗಲ, ಉಳಿದ ಮೂರೂ 12. ಹೊರಗೋಡೆ ಲೆಕ್ಕದಲ್ಲಿ 38 ಅಡಿಗೆ 42. ಮಾಡು 30 ಡಿಗ್ರಿ, ಎಂ.ಎಸ್. (ಉಕ್ಕಿನ) ಪೈಪಿನ ಮೇಲೆ ಮಂಗಳೂರು ಹೆಂಚು. ತಲೆನೋವು ಇರುವುದು ಆ 16 ಮತ್ತು 12ರಲ್ಲಿ. ನಾಲ್ಕೂ ಅಂಕಣ ಒಂದೇ ಅಗಲ ಇದ್ದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಕೆಟ್ಟದ್ದು ಮೊದಲು. ಒಂದು ರೂಫ್ ಪ್ಲಗಿನ್ (ಸ್ಕೆಚ್‌ಅಪ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ತೊಟ್ಟಿಯ ತೂತನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಡೀ ಮನೆಗೆ ಒಂದು ಟೋಪಿ ಹಾಕಿತು. ಎರಡನೆಯ ಸಲ ಪ್ರತಿ ಅಂಕಣಕ್ಕೂ ಬೇರೆ ತ್ರಿಕೋನ ಎಳೆದು ಪುಶ್‌ಪುಲ್ (ಮೇಲ್ಮೈಯನ್ನು ಎಳೆದು ದಪ್ಪ ಕೊಡುವ ಟೂಲ್) ಮಾಡಿ ಸೇರಿಸಿದೆ. ಹಿಪ್‌ನಲ್ಲಿ ಸಂದು ಬಿತ್ತು, ವ್ಯಾಲಿಯಲ್ಲಿ ಒಂದರೊಳಗೊಂದು ನುಗ್ಗಿತು. ಮೂರನೆಯದು ಶುದ್ಧ ನಿರ್ಲಕ್ಷ್ಯ: ಅರ್ಧ ಮಾಡಿಗೆ 30 ಅಂತ ಟೈಪ್ ಮಾಡಿ, ಉಳಿದರ್ಧಕ್ಕೆ 7:12 ಕೊಟ್ಟಿದ್ದೆ. ಎರಡೂ ಒಂದೇ ಅನ್ನೋದು ಬಾಯಿಮಾತು. 7:12, ಅಂದರೆ 12ಕ್ಕೆ 7 ಏರುವುದು, 30.26 ಡಿಗ್ರಿ. ಮುಂದಿನ ಅಂಕಣದ ರಿಡ್ಜ್‌ಗೆ (ಮಾಡಿನ ನೆತ್ತಿಯ ಗೆರೆ) ಬರುವಷ್ಟರಲ್ಲಿ ಮುಕ್ಕಾಲು ಇಂಚು ಮೆಟ್ಟಿಲು. ಇದರ ಜೊತೆಗೆ ಸರ್ವೆಯವರ ಡಿಡಬ್ಲ್ಯೂಜಿ (ಆಟೋಕ್ಯಾಡ್ ಫೈಲ್) ಆರಿಜಿನ್‌ನಿಂದ, ಅಂದರೆ ಸೊನ್ನೆ ಬಿಂದುವಿನಿಂದ, ಎಷ್ಟೋ ಕಿಲೋಮೀಟರ್ ದೂರ ಕೂತಿತ್ತು. ಜೂಮ್ ಮಾಡಿದರೆ ಮಾಡೆಲ್ ಕತ್ತರಿಸಿ ಹೋಗುತ್ತೆ, ಫೇಸ್ (ಗೆರೆಗಳ ನಡುವಿನ ಮೇಲ್ಮೈ) ಮುಚ್ಚಲ್ಲ. ಪ್ಲಾನನ್ನು ಆಟೋಕ್ಯಾಡ್‌ನಲ್ಲೇ ಸೊನ್ನೆಗೆ ತಂದು, ಆಮೇಲೆ ಇಂಪೋರ್ಟ್ ಮಾಡಿ, ಗ್ರೂಪ್ ಮಾಡಿ ಲಾಕ್ ಮಾಡಿ. ಯೂನಿಟ್ಸ್‌ನಲ್ಲಿ ಲೆಂತ್ ಸ್ನ್ಯಾಪಿಂಗ್ ಆಫ್ ಇರಲಿ. ಅಳತೆಯ ಮುಂದೆ ಆ ಅಲೆ ಗುರುತು ಬಂತೆಂದರೆ ಅದು "ಸುಮಾರು" ಎಂದರ್ಥ. ಮಾಡು ಎಳೆಯುವಾಗ ಅದನ್ನು ಕಂಡೂ ಕಾಣದಂತೆ ಮುಂದೆ ಹೋಗಬೇಡಿ.

ಕೊನೆಗೆ ಫಲ ಕೊಟ್ಟದ್ದು ಗೋಡೆಯನ್ನು ಮರೆತು ಸೂರಿನಿಂದ ಶುರು ಮಾಡಿದ್ದು. ಹೊರ ಸೂರಿನ ಆಯತ, ಒಳ ಸೂರಿನ ಚೌಕ, ಎರಡೂ ಒಂದೇ ಮಟ್ಟದಲ್ಲಿ. ಎಂಟು ಸೂರಿನ ಗೆರೆ, ಒಂದೊಂದಕ್ಕೂ ಒಂದೊಂದು ಇಳಿಜಾರು ಫೇಸ್, ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ. ಮೊದಲನೆಯದನ್ನು ಮಾತ್ರ ಪ್ರೊಟ್ರ್ಯಾಕ್ಟರ್ ಹಿಡಿದು ಎಳೆಯಿರಿ, ಉಳಿದ ಏಳೂ ಅದರದೇ ಕಾಪಿ, 90 ಡಿಗ್ರಿ ತಿರುಗಿಸಿದ್ದು. ಆಗ ಕೋನ ತಪ್ಪಿದರೂ ಎಂಟೂ ಒಂದೇ ಥರ ತಪ್ಪುತ್ತವೆ. ಎಲ್ಲವನ್ನೂ ಒಂದೇ ಗ್ರೂಪಿನೊಳಗೆ ಎಕ್ಸ್‌ಪ್ಲೋಡ್ ಮಾಡಿ ಇಂಟರ್‌ಸೆಕ್ಟ್ ಫೇಸಸ್ (ಫೇಸ್‌ಗಳು ಒಂದನ್ನೊಂದು ಹಾಯುವಲ್ಲಿ ಗೆರೆ ಹಾಕುವ ಕಮಾಂಡ್) ಕೊಟ್ಟರೆ ತುಂಡುಗಳ ರಾಶಿ ಬೀಳುತ್ತದೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದಕ್ಕೆ ಒಂದೇ ಪರೀಕ್ಷೆ: ಆ ತುಂಡಿನ ಮೇಲೆ ಬಿದ್ದ ನೀರು ಬೇರೆ ಫೇಸಿನ ಅಡಿಗೆ ನುಗ್ಗದೆ ತನ್ನದೇ ಸೂರಿಗೋ ವ್ಯಾಲಿಗೋ ಇಳಿಯಬೇಕು. ಇಲ್ಲವಾದರೆ ಡಿಲೀಟ್.

ಎಲ್ಲ ಮುಗಿದ ಮೇಲೆ ಗ್ರೂಪಿನೊಳಗೆ ಹೋಗಿ ಕಂಟ್ರೋಲ್ ಎ ಒತ್ತಿ ಎಂಟಿಟಿ ಇನ್ಫೋ ನೋಡಿ. ಒಟ್ಟು 30 ಎಂಟಿಟಿ, ಅಂದರೆ 8 ಫೇಸ್, 22 ಎಡ್ಜ್ (ಗೆರೆ) ಇರಬೇಕು. ಸೂರು 8, ಹಿಪ್ 4, ವ್ಯಾಲಿ 4, ರಿಡ್ಜ್ 4. ಇಷ್ಟಕ್ಕೆ 20 ಆಯಿತು. ಉಳಿದ ಎರಡು ಯಾವುವು? ಎಲ್ಲರೂ ಎಡವುವುದು ಅಲ್ಲೇ.

ಸೂರಿನ ಚಾಚು 2 ಅಡಿ 7 ಇಂಚು ಅಂದರೆ ಪಕ್ಕದ ಅಂಕಣದ ರನ್ (ಸೂರಿನಿಂದ ರಿಡ್ಜ್‌ಗೆ ಅಡ್ಡ ಅಳತೆ) 8 ಅಡಿ 7, ಮುಂದಿನದರದು 10 ಅಡಿ 7. ಇಳಿಜಾರು ಒಂದೇ ಆದ್ದರಿಂದ ಮುಂದಿನ ರಿಡ್ಜ್ 14 ಇಂಚು ಮೇಲೆ. ತೊಟ್ಟಿಯ ಮೂಲೆಯಿಂದ ಏರಿದ ವ್ಯಾಲಿ ಪಕ್ಕದ ರಿಡ್ಜ್‌ಗೆ ಬಂದು ನಿಲ್ಲುತ್ತದೆ. ಹೊರಮೂಲೆಯ ಹಿಪ್ ಅಲ್ಲಿ ನಿಲ್ಲುವುದಿಲ್ಲ, ಇನ್ನೂ ಮೇಲೆ ಮುಂದಿನ ರಿಡ್ಜ್‌ವರೆಗೆ ಹೋಗುತ್ತದೆ. ಇವೆರಡರ ನಡುವೆ, ಪಕ್ಕದ ರಿಡ್ಜ್‌ನ ತುದಿಯಿಂದ ಮುಂದಿನ ರಿಡ್ಜ್‌ಗೆ ಮೂರಡಿಯ ಒಂದು ಗಿಡ್ಡ ಹಿಪ್ ಬೇಕು. ಮುಂದಿನ ಎರಡು ಮೂಲೆಗೆ ಎರಡು. ಹಿಂದಿನ ಮೂಲೆಗಳಲ್ಲಿ ಅಂಕಣ ಸಮ ಇರುವುದರಿಂದ ಇದು ಹುಟ್ಟುವುದೇ ಇಲ್ಲ. ಸೈಟಿನಲ್ಲಿ ದಾರ ಕಟ್ಟುವವರು ಈ ಮೂರಡಿಯನ್ನು ತಗಡು ಬಗ್ಗಿಸಿ ಮುಚ್ಚುತ್ತಾರೆ, ಸೋರುವುದೂ ಅಲ್ಲೇ.

ದಪ್ಪ ಕೊಡಲು ಪುಶ್‌ಪುಲ್ ಬೇಡ. ಈ ಎಂಟು ಫೇಸಿನ ಚರ್ಮವನ್ನು ಹಾಗೇ ನೆಟ್ಟಗೆ ಕೆಳಕ್ಕೆ ಕಾಪಿ ಮಾಡಿ. ನಾಲ್ಕಿಂಚಿನ ಪಕ್ಕಾಸಿಗೆ ನಾಲ್ಕಿಂಚಲ್ಲ, ಅದನ್ನು ಕಾಸ್ 30ರಿಂದ ಭಾಗಿಸಿದ್ದು, 4.62 ಇಂಚು. ಹಿಪ್ ಮೇಲೆ ಹಿಪ್, ವ್ಯಾಲಿ ಮೇಲೆ ವ್ಯಾಲಿ ತಾನಾಗಿ ಕೂರುತ್ತದೆ. ಮೇಲಿನ ಚರ್ಮ ಪಕ್ಕಾಸಿನ ತಲೆ, ಕೆಳಗಿನದು ಅದರ ಹೊಟ್ಟೆ. ರೀಪು (ಹೆಂಚು ಕೂರುವ ಅಡ್ಡಪಟ್ಟಿ), ಹೆಂಚು ಎಲ್ಲ ಮೇಲಿನದರಿಂದಲೇ ಅಳತೆ. ಹಿಪ್‌ನದು ಮಾತ್ರ ಬೇರೆ ಕಥೆ. ಎರಡಿಂಚು ಅಗಲದ ಪೈಪನ್ನು ಗೆರೆಯ ಮೇಲೆ ಕೂರಿಸಿದರೆ ಅದರ ಎರಡೂ ಅಂಚು ಮಾಡಿನ ಮಟ್ಟಕ್ಕಿಂತ ಮೇಲೆ ಏಳುತ್ತವೆ, ರೀಪು ಅಲ್ಲಿ ಗೂನು ಬೀಳುತ್ತದೆ. 10 ಮಿ.ಮೀ. ಕೆಳಗಿಳಿಸಿ. ವ್ಯಾಲಿ ಪೈಪಿಗೆ ಇದು ಬೇಕಿಲ್ಲ.

ಈಗ ದುಡ್ಡಿನ ವಿಷಯ. ಚಾಚು 2 ಅಡಿ 7 ಇಂಚು ಎಲ್ಲಿಂದ ಬಂತು? ಮೊದಲು 3 ಅಡಿ ಇತ್ತು. ಆಗ ಪಕ್ಕದ ಅಂಕಣದ ಪಕ್ಕಾಸು 10 ಅಡಿ 5 ಇಂಚು, 20 ಅಡಿ ಪೈಪಿನಲ್ಲಿ ಒಂದೇ ಒಂದು. ಐದಿಂಚು ಚಾಚು ಬಿಟ್ಟರೆ 9 ಅಡಿ 11, ಪೈಪಿಗೆ ಎರಡು. ಮುಂದಿನ ಮೂಲೆಯ ಹಿಪ್ 16 ಅಡಿ 2, ಗಿಡ್ಡ ಹಿಪ್ 3 ಅಡಿ 1. ಇವೆರಡೂ ಒಂದೇ ಪೈಪಿನಲ್ಲಿ ಹೊರಟವು. ಇದು ಅದೃಷ್ಟ, ಜಾಣತನ ಅಂತ ಹೇಳಿಕೊಳ್ಳಲ್ಲ. ಒಟ್ಟು ಒಂಬತ್ತೋ ಹತ್ತೋ ಪೈಪ್ ಉಳಿಯಿತು. ಪೈಪಿಗೆ 40 ಕೆ.ಜಿ., ಕೆ.ಜಿ.ಗೆ 70ರ ಆಸುಪಾಸು ಅಂದರೆ 25 ಸಾವಿರದ ಮೇಲೆ. ಓಪನ್‌ಕಟ್‌ಲಿಸ್ಟ್ ಎಂಬ ಪ್ಲಗಿನ್ ಪುಕ್ಕಟೆ ಸಿಗುತ್ತೆ, ಸ್ಟಾಕ್ ಉದ್ದ ಕೊಟ್ಟರೆ ಹೇಗೆ ಕತ್ತರಿಸಬೇಕು ಅಂತ ಚಿತ್ರವನ್ನೇ ಬಿಡಿಸಿಕೊಡುತ್ತೆ. ಆದರೆ ಪಕ್ಕಾಸಿನ ಕಾಂಪೊನೆಂಟ್ (ಒಂದನ್ನು ಬದಲಿಸಿದರೆ ಎಲ್ಲ ಕಾಪಿಯೂ ಬದಲಾಗುವ ಗ್ರೂಪ್) ಆಕ್ಸಿಸ್ ಪಕ್ಕಾಸಿನ ಉದ್ದಕ್ಕೇ ಇರಬೇಕು. ಇಲ್ಲವಾದರೆ 9 ಅಡಿ 11 ಇಂಚಿನದು ಲಿಸ್ಟಿನಲ್ಲಿ 8 ಅಡಿ 7 ಆಗಿ ನಿಲ್ಲುತ್ತದೆ, ಪ್ಲಾನಿನ ಉದ್ದ. ಇನ್ನೊಂದು: ಉದ್ದದ ಲಿಸ್ಟಿಗೆ ಎಡ-ಬಲ ಗೊತ್ತಿಲ್ಲ. ಹಿಪ್‌ಗೆ ತಾಗುವ ಗಿಡ್ಡ ಪಕ್ಕಾಸುಗಳ ಓರೆ ಒಂದು ಬದಿಗೆ ಬಲಗಡೆ, ಇನ್ನೊಂದು ಬದಿಗೆ ಎಡಗಡೆ. ಹದಿನಾಲ್ಕು ತುಂಡು ಒಂದೇ ಕೈಗೆ ಕೊಯ್ದುಹೋದವು. ಉಳಿಸಿದ್ದರಲ್ಲಿ ಐದಾರು ಸಾವಿರ ಅಲ್ಲೇ ಮಂಗಮಾಯ. ಈಗ ಕಾಂಪೊನೆಂಟ್ ಹೆಸರಿನಲ್ಲೇ ಎ, ಬ ಅಂತ ಸೇರಿಸಿ, ಪೈಪಿನ ಮೇಲೂ ಅದನ್ನೇ ಪೇಂಟಿನಲ್ಲಿ ಬರೆಸುತ್ತೇನೆ.

"ರಿಡ್ಜ್ ಎಲ್ಲ ಒಂದೇ ಎತ್ತರ ಬರಲಿ" ಎಂಬ ಬೇಡಿಕೆ ಪ್ರತಿ ಮನೆಯಲ್ಲೂ ಬರುತ್ತದೆ. ಮಾಡಿ ನೋಡಿದೆ. ಪಕ್ಕದ ಇಳಿಜಾರು 37.6 ಡಿಗ್ರಿಗೆ ಏರುತ್ತದೆ, ಅದೇ ಚಾಚಿನಲ್ಲಿ ಅದರ ಸೂರು ಮುಂದಿನದಕ್ಕಿಂತ ಆರಿಂಚು ಕೆಳಗೆ ಜೋತುಬೀಳುತ್ತದೆ. ಸೂರು ಸಮ ಮಾಡಲು ಹೋದರೆ ಪಕ್ಕದ ಚಾಚು 1 ಅಡಿ 11 ಇಂಚಿಗೆ ಇಳಿಯುತ್ತದೆ. ಮಲೆನಾಡಿನ ಮಳೆಗೆ ಅದು ಜಗಲಿ ನೆನೆಸುವ ಯೋಜನೆ. ಆರಿಂಚಿನ ಸೂರನ್ನು ಆ ಮೂಲೆಯಿಂದ ಒಂದು ಸೀನ್ (ಉಳಿಸಿಟ್ಟ ನೋಟ) ಮಾಡಿ ತೋರಿಸಿದರೆ ಸಾಕು, ವಾದ ಮುಗಿಯುತ್ತದೆ.

ಹೆಂಚು ಬಿಡಿಬಿಡಿಯಾಗಿ ಹೊದಿಸುವ ಚಪಲ ನನಗೂ ಇತ್ತು. ಮಾಡಿನ ವಿಸ್ತೀರ್ಣ ಸುಮಾರು 2,260 ಚದರಡಿ, ಚದರ ಮೀಟರಿಗೆ 15ರಂತೆ, ಒಡೆಯುವುದೂ ಸೇರಿ 3,400 ಹೆಂಚು. ಇಳಿಸಿಕೊಂಡ ಹೆಂಚಿನ ಮಾಡೆಲ್‌ನಲ್ಲಿ ಸಾವಿರಕ್ಕೂ ಮಿಕ್ಕ ಫೇಸ್. ಕಾಂಪೊನೆಂಟ್ ಆದ್ದರಿಂದ ಫೈಲ್ ಸಣ್ಣದೇ ಇತ್ತು, ಆದರೆ ತೆರೆಯ ಮೇಲೆ ಬಿಡಿಸಬೇಕಾದದ್ದು ಮೂವತ್ತು ಲಕ್ಷ ದಾಟಿತು. ಆರ್ಬಿಟ್ ಮಾಡಿದರೆ, ಅಂದರೆ ಮಾಡೆಲ್ ತಿರುಗಿಸಿದರೆ, ಕಾಫಿ ಕುಡಿದು ಬರಬಹುದು. ಈಗ ಹದಿನಾಲ್ಕು ಫೇಸಿನ ಹೆಂಚು ನಾನೇ ಮಾಡಿಕೊಂಡು ಸೂರಿನ ಎರಡು ಸಾಲಿಗೆ ಮಾತ್ರ ಇಡುತ್ತೇನೆ, ಉಳಿದದ್ದು 210ಕ್ಕೆ 320 ಮಿ.ಮೀ. ಲೆಕ್ಕದ ಟೆಕ್ಸ್‌ಚರ್ (ಫೇಸ್ ಮೇಲೆ ಅಂಟಿಸುವ ಚಿತ್ರ). ಆ 320 ಕೂಡ ನಂಬುವಂಥದ್ದಲ್ಲ. ಲಾಟ್ ಬಂದ ಮೇಲೆ ಹತ್ತು ಹೆಂಚು ನೆಲದಲ್ಲಿ ಸಾಲಾಗಿಟ್ಟು, ಎಳೆದು ಒಮ್ಮೆ, ಒತ್ತಿ ಒಮ್ಮೆ ಅಳೆದು ಸರಾಸರಿ ತೆಗೆದು ರೀಪಿನ ಅಂತರ ಹಾಕಿ. ಸಾಲು ಪೂರ್ತಿ ಹೆಂಚಿನಲ್ಲೇ ಮುಗಿಯುವಂತೆ ಚಾಚು ಹೊಂದಿಸಲು ಎರಡು ದಿನ ಗುದ್ದಾಡಿದೆ. ಪೈಪಿನ ಲೆಕ್ಕ ಬಂದರೆ ಹೆಂಚಿನದು ಬರಲ್ಲ, ಅದು ಬಂದರೆ ಇದಿಲ್ಲ. ಕಡೆಗೆ ಮೇಲಿನ ಸಾಲನ್ನು ಕಟರ್‌ನಲ್ಲಿ ಕೊಯ್ಸಿದ್ದೇ.

ವ್ಯಾಲಿಯ ಬಗ್ಗೆ ಇಷ್ಟು ಹೇಳಬಹುದು: ಮಾಡು 30 ಇದ್ದರೂ ವ್ಯಾಲಿ ಇಳಿಯುವುದು 22 ಡಿಗ್ರಿಯಲ್ಲಿ, ಎರಡು ಮಾಡಿನ ನೀರೂ ಅಲ್ಲಿಗೇ. ತಗಡಿನ ಅಗಲವನ್ನೂ ಹೆಂಚು ಕೊಯ್ಯುವ ಗೆರೆಯನ್ನೂ ಮಾಡೆಲ್‌ನಿಂದಲೇ ತೆಗೆಯುವ ಕ್ರಮ ಒಂದಿದೆ. ಅದನ್ನು ಬರೆಯಲ್ಲ, ಸದ್ಯಕ್ಕೆ ಅದರಿಂದ ಅನ್ನ ಹುಟ್ಟುತ್ತಿದೆ.

ಕಟ್ಟಿದ ಗೋಡೆ ಮಾತ್ರ ಮಾಡೆಲ್‌ನ ಮಾತು ಕೇಳುವುದಿಲ್ಲ. ರೂಫ್ ಬೀಮ್ ಕಾಂಕ್ರೀಟ್ ಆದ ಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ, ಪೈಪ್ ಆರ್ಡರ್ ಆಮೇಲೆ. 38ಕ್ಕೆ 42ಕ್ಕೆ ಎರಡೂ ಕರ್ಣ 56 ಅಡಿ ಏಳು ಮುಕ್ಕಾಲು ಇಂಚು ಬರಬೇಕು; ಇಲ್ಲಿ ಒಂದಕ್ಕೊಂದು ಒಂದೂವರೆ ಇಂಚು ಬೇರೆ ಬಂತು. ಮಾಡನ್ನು ಗೋಡೆಯ ಸೊಟ್ಟಕ್ಕೆ ತಿರುಗಿಸಲಿಲ್ಲ. ಸೂರಿನ ಆಯತವನ್ನು ಮೂಲೆಮಟ್ಟಕ್ಕೇ ಇಟ್ಟು ಸೊಟ್ಟವನ್ನೆಲ್ಲ ಚಾಚಿಗೆ ಉಣಿಸಿದೆ. ಮುಂದಿನ ಜಗಲಿಯ ಒಂದು ತುದಿಯಲ್ಲಿ ಚಾಚು ಎರಡಡಿ ಆರೂ ಕಾಲು ಇಂಚು, ಇನ್ನೊಂದು ತುದಿಯಲ್ಲಿ ಎರಡಡಿ ಏಳೂ ಮುಕ್ಕಾಲು. ಕೆಳಗೆ ನಿಂತು ಯಾರೂ ಇದುವರೆಗೆ ಕೇಳಿಲ್ಲ.