ದೀಪದ ಪಕ್ಕವಲ್ಲ, ಮೇಲೆ ನೋಡಿ

ದೀಪ ಹಚ್ಚುವಾಗ ಅಕ್ಕಪಕ್ಕ ನೋಡುವವರೇ ಹೆಚ್ಚು, ತಲೆಯೆತ್ತಿ ಮೇಲೆ ನೋಡುವವರು ಕಡಿಮೆ. ಉರಿಯ ಪಕ್ಕದಲ್ಲಿ ಒಂದು ಗೇಣು ದೂರ ಕೈಯಿಟ್ಟರೆ ಏನೂ ಆಗುವುದಿಲ್ಲ. ಅಷ್ಟೇ ದೂರ ಮೇಲಿಟ್ಟರೆ ಚುರುಗುಟ್ಟುತ್ತದೆ. ಉರಿಗೆ ಮೇಲಕ್ಕೇ ಹೋಗಬೇಕೆಂಬ ಹಟವೇನೂ ಇಲ್ಲ. ಕಾದ ಗಾಳಿ ಹಿಗ್ಗಿ ಹಗುರವಾಗುತ್ತದೆ. 27 ಡಿಗ್ರಿಯ ಗಾಳಿ 327 ಡಿಗ್ರಿಗೆ ಕಾದರೆ ಎರಡರಷ್ಟು ಜಾಗ ಹಿಡಿಯುತ್ತದೆ. ಸುತ್ತಲಿನ ತಣ್ಣನೆಯ, ಭಾರದ ಗಾಳಿ ಕೆಳಗಿನಿಂದ ನುಗ್ಗಿ, ನೀರು ತೆಂಗಿನಕಾಯಿಯನ್ನು ಎತ್ತುವಂತೆ, ಅದನ್ನು ಮೇಲಕ್ಕೆ ತಳ್ಳುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಭಾರ, ಹಗುರಗಳ ಆಟವೇ ನಡೆಯದ ಕಾರಣ ಅಲ್ಲಿ ಸಣ್ಣ ಉರಿ ಗುಂಡಗೆ ನಿಲ್ಲುತ್ತದೆ.

ಹಾಗಾಗಿ ಮರದ ಮಂಟಪದೊಳಗೆ ನಂದಾದೀಪ ಇಡಬೇಡಿ, ಪ್ಲಾಸ್ಟಿಕ್ ತೋರಣವನ್ನು ದೀಪದ ನೇರಕ್ಕೆ ಕಟ್ಟಬೇಡಿ. ಗ್ಯಾಸ್ ಒಲೆಯ ಮೇಲ್ಗಡೆ ಶೆಲ್ಫ್ ಹೊಡೆಸಿ ಎಣ್ಣೆ ಡಬ್ಬಿ ಜೋಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬೆಂಕಿಕಡ್ಡಿಯ ತಲೆ ಕೆಳಗಾದರೆ ಉರಿ ಕಡ್ಡಿಯನ್ನೇರಿ ಬೆರಳಿಗೆ ಬರುತ್ತದೆ. ಸ್ವಲ್ಪ ಓರೆಯಾಗಿ, ತಲೆ ಮೇಲಾಗಿ ಹಿಡಿಯಿರಿ.

ಸೌದೆ ಒಲೆ ಹೊಗೆಯಾಡುತ್ತಿದ್ದರೆ ಊದುಕೊಳವೆ ಹುಡುಕುವ ಮೊದಲು ಬೂದಿ ತೆಗೆಯಿರಿ. ಗಾಳಿಗೆ ಕೆಳಗಿನಿಂದ ದಾರಿಯಿಲ್ಲದಿದ್ದರೆ ಸೌದೆ ಎಷ್ಟು ಒಣಗಿದ್ದರೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಜಾಲರಿ ಇರುವುದು ಇದಕ್ಕಾಗಿಯೇ.

ಸೆರಗಿಗೆ ಬೆಂಕಿ ತಗುಲಿದರೆ ಮಾತ್ರ ಓಡಲೇಬಾರದು. ನಿಂತವರ ಮೈಮೇಲೆ ಉರಿ ಮುಖದತ್ತ ಏರುತ್ತದೆ, ಓಡಿದರೆ ಗಾಳಿಯೂ ಸೇರಿಕೊಳ್ಳುತ್ತದೆ. ಕೂಡಲೇ ನೆಲಕ್ಕೆ ಬಿದ್ದು, ಮುಖ ಮುಚ್ಚಿಕೊಂಡು ಉರುಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿಯ ತಣ್ಣೀರು ಬಿಡಿ, ಟೂತ್‌ಪೇಸ್ಟ್ ಬೇಡ. ಕೋಣೆಯಲ್ಲಿ ಹೊಗೆ ತುಂಬಿದ್ದರೆ ಅದೂ ಮೊದಲು ಚಾವಣಿಯಡಿಯೇ ಸೇರುತ್ತದೆ, ತೆವಳಿಕೊಂಡೇ ಹೊರಗೆ ಬನ್ನಿ.

ಆದರೆ ಸಿಲಿಂಡರಿನ ಗ್ಯಾಸ್ ಉರಿಯಂತಲ್ಲ. ಅದು ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ಸೋರಿದರೆ ನೆಲದುದ್ದಕ್ಕೂ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಕಿಟಕಿಯೊಂದನ್ನೇ ತೆಗೆದರೆ ಸಾಲದು, ಬಾಗಿಲು ತೆರೆಯಬೇಕು. ಈಗ ಹಲವು ಮನೆಗಳಿಗೆ ಬಂದಿರುವ ಕೊಳವೆ ಗ್ಯಾಸ್ ಇದಕ್ಕೆ ಉಲ್ಟಾ: ಗಾಳಿಯ ಸುಮಾರು ಅರ್ಧದಷ್ಟೇ ತೂಕದ್ದು, ಚಾವಣಿಗೇ ಏರುತ್ತದೆ. ಅಂಥ ಮನೆಯಲ್ಲಿ ಅಡುಗೆಮನೆಯ ಮೇಲಿನ ಗವಾಕ್ಷಿಯನ್ನು ಸೊಳ್ಳೆಗೆ ಹೆದರಿ ಮುಚ್ಚಿಸಬೇಡಿ, ಜಾಲರಿ ಹಾಕಿಸಿ. ಯಾವ ಗ್ಯಾಸ್ ವಾಸನೆ ಬಂದರೂ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ.