ಒಂದು ಮುಖಕನ್ನಡಿ, ಪೊಸಡಿ ಗುಂಪೆ ಮತ್ತು ಸಾರಾಗಢಿ

ಸಾರಾಗಢಿ ಕಾಳಗವನ್ನು ನಾನು ಮೊದಲು ಎಲ್ಲರೂ ಹೇಳುವ ಹಾಗೆಯೇ ಹೇಳಿದೆ. 1897ರ ಸೆಪ್ಟೆಂಬರ್ 12. ಈಗಿನ ಪಾಕಿಸ್ತಾನದಲ್ಲಿರುವ ಸಮಾನಾ ಬೆಟ್ಟಸಾಲಿನ ಒಂದು ಸಣ್ಣ ಸೇನಾ ಠಾಣೆ. ಒಳಗೆ ಹವಿಲ್ದಾರ್ ಈಶರ್ ಸಿಂಗ್ ಮತ್ತು ಬ್ರಿಟಿಷ್ ಸೇನೆಯ 36ನೇ ಸಿಖ್ ರೆಜಿಮೆಂಟಿನ 20 ಜನ. ಸುತ್ತ ಸಾವಿರಾರು ಅಫ್ರೀದಿ, ಒರಕ್‌ಜೈ ಪಠಾಣರು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಎಲ್ಲರೂ ಸತ್ತರಲ್ಲ ಮಾಷ್ಟ್ರೇ, ಮತ್ತೆ ಒಳಗೆ ಏನಾಯಿತು ಅಂತ ಹೇಳಿದ್ದು ಯಾರು?"

ಹೇಳಿದ್ದು ಕನ್ನಡಿ. ಬ್ರಿಟಿಷರ ಲಾಕ್‌ಹಾರ್ಟ್ ಮತ್ತು ಗುಲಿಸ್ತಾನ್ ಕೋಟೆಗಳಿಗೆ ಒಂದಕ್ಕೊಂದು ಕಾಣುತ್ತಿರಲಿಲ್ಲ. ನಡುವಿನ ದಿಣ್ಣೆಯ ಮೇಲಿದ್ದ ಸಾರಾಗಢಿಯೇ ಬಿಸಿಲನ್ನು ಮಿಂಚಿಸಿ ಸುದ್ದಿ ದಾಟಿಸಬೇಕಿತ್ತು. ಆ ಯಂತ್ರದ ಹೆಸರು ಹೀಲಿಯೋಗ್ರಾಫ್. ಅದರ ಹಿಂದೆ ಇದ್ದವನು ಗುರ್ಮುಖ್ ಸಿಂಗ್. ಹುಡುಗಿಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟರೆ ಸಾಲದು ಅನಿಸಿತು.

ಕುಂಬಳೆ ಪೇಟೆಯಿಂದ ಎರಡು ಮುಖಕನ್ನಡಿ ತಂದೆ. ಹಿಂದಿನ ಬಣ್ಣವನ್ನು ನಡುವೆ ಕಾಳುಮೆಣಸಿನಷ್ಟು ಕೆರೆದೆ. ಅಡಿಕೆ ಸಲಾಕೆಯ ಕಾಲು, ಮುಂದೊಂದು ಕಡ್ಡಿ, ಕಡ್ಡಿಯ ತುದಿಗೆ ರಟ್ಟಿನ ತುಂಡು. ಆ ತೂತಿನಿಂದ ನೋಡುತ್ತಾ ರಟ್ಟನ್ನು ಗುರಿಗೆ ಹೊಂದಿಸಬೇಕು. ಆಮೇಲೆ ತೂತಿನ ಕಪ್ಪು ಚುಕ್ಕೆ ರಟ್ಟಿನ ಮೇಲೆ ಬೀಳುವ ತನಕ ಕನ್ನಡಿ ವಾಲಿಸಬೇಕು. ನಿಜವಾದ ಯಂತ್ರದಲ್ಲಿ ಕೀಲಿ ಒತ್ತಿದರೆ ಕನ್ನಡಿಯೇ ಅಲುಗುತ್ತದೆ. ನಾವು ಅಡಿಕೆ ಹಾಳೆ ಅಡ್ಡ ಹಿಡಿದು ತೆಗೆದೆವು, ಅಷ್ಟೇ.

ಸೆಪ್ಟೆಂಬರ್ 12ರಂದೇ ಮಾಡಬೇಕೆಂದು ಹಟ ಹಿಡಿದೆ. ನಮ್ಮೂರ ಸೆಪ್ಟೆಂಬರ್ ಗೊತ್ತಲ್ವಾ? ಇಡೀ ದಿನ ಮೋಡ. ಜನವರಿಯಲ್ಲಿ ನಾಲ್ವರನ್ನು ಪೊಸಡಿ ಗುಂಪೆ ಬೆಟ್ಟದ ತುದಿಗೆ ಹತ್ತಿಸಿದೆ. ಉಳಿದವರು ಕೆಳಗಿನ ಬಯಲಲ್ಲಿ.

ಚುಕ್ಕೆ-ಗೆರೆಗಳ ಮೋರ್ಸ್ ಕೋಡ್ ಇಂಗ್ಲಿಷಿಗೆ. ನಮಗೆ ವರ್ಗಾಕ್ಷರ ಇದೆಯಲ್ಲ, ಐದು ಸಾಲು, ಐದು ಅಕ್ಷರ! 'ಕ' ಅಂದರೆ ಒಂದು-ಒಂದು, 'ಮ' ಅಂದರೆ ಐದು-ಐದು. ಮೊದಲು ಬಂದ ಸುದ್ದಿ ನಾಲ್ಕು-ಮೂರು, ನಾಲ್ಕು-ಐದು. 'ದನ'. ಮೇಲೆ ನಿಜವಾಗಿ ಒಂದು ದನ ಬಂದು ಕಡ್ಡಿ ಮೂಸುತ್ತಿತ್ತಂತೆ. ಕೆಳಗಿನವರು ಒಂದು ಮಿಂಚು ತಪ್ಪಿ ಎಣಿಸಿ 'ದಧ' ಅಂತ ಬರೆದುಕೊಂಡಿದ್ದರು.

ಆಗ ಗೊತ್ತಾಯಿತು ಇದು ಎಷ್ಟು ಕಷ್ಟ ಅಂತ. ಒಂದು ಕಿಲೋಮೀಟರ್ ದೂರದಲ್ಲಿ ಆ ಬೆಳಕಿನ ಅಗಲ ಬರೀ 9 ಮೀಟರ್‌ನಷ್ಟು. ಕೂದಲೆಳೆಯಷ್ಟು ಅಲುಗಿದರೆ ಬೆಳಕು ಬೇರೆಯವರ ತೋಟಕ್ಕೆ. ಸೂರ್ಯ ಸುಮ್ನೆ ನಿಲ್ಲುವುದಿಲ್ಲ, ಆಗಾಗ ಮತ್ತೆ ಹೊಂದಿಸಬೇಕು. ನಮಗೆ ದನವೊಂದೇ ಕಾಟ. ಗುರ್ಮುಖ್ ಸಿಂಗನಿಗೆ ಸುತ್ತ ಗುಂಡು, ಪೊದೆಗೆ ಬೆಂಕಿ ಹಚ್ಚಿ ಎಬ್ಬಿಸಿದ ಹೊಗೆ, ಪಕ್ಕದಲ್ಲೇ ಬೀಳುತ್ತಿದ್ದ ಗೆಳೆಯರು. ಬೆಳಗ್ಗಿನಿಂದ ಮಧ್ಯಾಹ್ನ ಕಳೆಯುವ ತನಕ ಕೋವಿ ಮುಟ್ಟದೆ, ಲಾಕ್‌ಹಾರ್ಟಿನಲ್ಲಿದ್ದ ಕರ್ನಲ್ ಹಾಟನ್‌ಗೆ ಸುದ್ದಿ ಕಳಿಸುತ್ತಲೇ ಇದ್ದ. ಕೊನೆಗೆ ಯಂತ್ರ ಮುಚ್ಚಿ ಕೋವಿ ಹಿಡಿಯಲೇ ಎಂದು ಅಪ್ಪಣೆ ಕೇಳಿದ. ಸಿಕ್ಕಿತು. ಯಂತ್ರವನ್ನು ಚೀಲಕ್ಕೆ ಹಾಕಿಟ್ಟು ಹೋದ. 21 ಜನರಿಗೂ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಎಂಬ ಶೌರ್ಯ ಪದಕ ಬಂತು. ಒಳಗೆ ಸತ್ತ ಚಾಕರಿಯವನೊಬ್ಬ ಸೈನಿಕನಲ್ಲ ಎಂದು ಲೆಕ್ಕಕ್ಕೇ ಬರಲಿಲ್ಲ. ಅದು ನನಗೆ ಇನ್ನೂ ಕಿರಿಕಿರಿ.

ಎದುರಿದ್ದವರು ಎಷ್ಟು ಸಾವಿರ ಅಂತ ನಾನೀಗ ಜಾಸ್ತಿ ಹೇಳುವುದಿಲ್ಲ. ಬೇರೊಂದು ಮಾತು ಹೇಳುತ್ತೇನೆ. ಠಾಣೆಯ ಒಂದು ಮೂಲೆ ಒಳಗಿನವರಿಗೆ ಕಾಣುತ್ತಿರಲಿಲ್ಲ. ಅಲ್ಲೇ ಪಠಾಣರು ಗೋಡೆ ಅಗೆಯುತ್ತಿದ್ದರು. ಗುಲಿಸ್ತಾನಿನವರಿಗೆ ಅದು ಕಾಣುತ್ತಿತ್ತು, ಸಂಕೇತ ಕೊಟ್ಟರು. ಸಾರಾಗಢಿಯಲ್ಲಿ ಅದನ್ನು ಯಾರೂ ನೋಡಲಿಲ್ಲ.

ಇದನ್ನು ಕೇಳಿ ಮಕ್ಕಳು ತುಂಬ ಹೊತ್ತು ಜಗಳಾಡಿದರು. ಮುಂದಿನ ಜನವರಿಗೆ ಗುಂಪೆ ಹತ್ತುವವರು ನಾಲ್ವರಲ್ಲ, ಐವರು. ಐದನೆಯವನಿಗೆ ಕನ್ನಡಿ ಇಲ್ಲ. ಹಿಂದಕ್ಕೆ ತಿರುಗಿ ಕೂರುವುದೇ ಅವನ ಕೆಲಸ.